ಎರಡನೆಯ ಗೇರಿನಿಂದ ಮೂರನೆಯದಕ್ಕೆ

ಪೆಟ್ರೋಲ್ ಎಂಜಿನ್ ಎಲ್ಲ ವೇಗದಲ್ಲೂ ಒಂದೇ ಸಮನೆ ದುಡಿಯುವುದಿಲ್ಲ. ಅದಕ್ಕೆ ಹಿತವಾದ ಒಂದು ವ್ಯಾಪ್ತಿ ಇರುತ್ತದೆ. 1963ರಲ್ಲಿ ಇಂಗ್ಲೆಂಡಿನಲ್ಲಿ ಮಾರಾಟಕ್ಕೆ ಬಂದ ಲೋಟಸ್ ಕಾರ್ಟಿನಾ ಕಾರನ್ನೇ ನೋಡಿ. ಅದರ ಎಂಜಿನ್ ನಿಮಿಷಕ್ಕೆ 4000 ಸುತ್ತು ತಿರುಗುವಾಗ ತಿರುಗುಬಲ, ಅಂದರೆ ಟಾರ್ಕ್, ಗರಿಷ್ಠ ಮಟ್ಟದಲ್ಲಿರುತ್ತದೆ. 5500 ಸುತ್ತಿನಲ್ಲಿ ಶಕ್ತಿ ಗರಿಷ್ಠ: 105 ಅಶ್ವಶಕ್ತಿ. 6500 ದಾಟಿಸುವುದು ಎಂಜಿನ್ನಿಗೆ ಒಳ್ಳೆಯದಲ್ಲ. 4000ಕ್ಕಿಂತ ಬಹಳ ಕೆಳಗೆ ಬಿಟ್ಟರೆ ಕಾರು ಸೊರಗುತ್ತದೆ. ಈ ಎರಡು ಗೆರೆಗಳ ನಡುವೆ ಎಂಜಿನ್ನನ್ನು ಹಿಡಿದಿಡುವುದೇ ಗೇರ್‌ಬಾಕ್ಸ್‌ನ ಕೆಲಸ. ಅದು ಎಷ್ಟು ಚೆನ್ನಾಗಿ ಹಿಡಿದಿಡುತ್ತದೆ ಎಂಬುದು ಪಕ್ಕಪಕ್ಕದ ಎರಡು ಗೇರುಗಳ ನಡುವಿನ ಅಂತರವನ್ನು ಅವಲಂಬಿಸಿದೆ. ಆ ಅಂತರವನ್ನು ಕಿರಿದಾಗಿಸಿದ ಗೇರ್‌ಬಾಕ್ಸನ್ನು ಕ್ಲೋಸ್ ರೇಷಿಯೋ ಎನ್ನುತ್ತಾರೆ. ಹಳೆಯ ಕಾರುಗಳನ್ನು ಪ್ರೀತಿಯಿಂದ ಕಾಪಾಡುವವರು ಅಂಥದೊಂದು ಪೆಟ್ಟಿಗೆಗಾಗಿ ವರ್ಷಗಟ್ಟಲೆ ಹುಡುಕುವುದುಂಟು. ಅವರು ಹುಡುಕುವುದಕ್ಕೆ ಒಳ್ಳೆಯ ಕಾರಣವಿದೆ. ಆದರೆ ಎಲ್ಲ ಕ್ಲೋಸ್ ರೇಷಿಯೋ ಪೆಟ್ಟಿಗೆಗಳೂ ಒಂದೇ ಅಲ್ಲ. ಹೆಚ್ಚು ಹೆಸರು ಮಾಡಿದ್ದೇ ಹೆಚ್ಚು ಒಳ್ಳೆಯದೂ ಅಲ್ಲ. ಹಣ ಕೊಡುವ ಮೊದಲು ಲೆಕ್ಕ ಹಾಕಬೇಕು.

ಲೋಟಸ್ ಕಾರ್ಟಿನಾ ಹುಟ್ಟಿದ್ದೇ ಓಟದ ಸ್ಪರ್ಧೆಗಾಗಿ. ಫೋರ್ಡ್ ಕಂಪನಿಯ ವಾಲ್ಟರ್ ಹೇಯ್ಸ್ ಲೋಟಸ್‌ನ ಕಾಲಿನ್ ಚಾಪ್‌ಮನ್‌ರನ್ನು ಕೇಳಿದರು: ನಿಮ್ಮ ಎಂಜಿನ್ನನ್ನು ನಮ್ಮ ಸಂಸಾರಸ್ಥರ ಕಾರಾದ ಕಾರ್ಟಿನಾಗೆ ಕೂರಿಸಿ ಒಂದು ಸಾವಿರ ಕಾರು ಕಟ್ಟಿಕೊಡುತ್ತೀರಾ ಎಂದು. ಅಷ್ಟು ಕಾರುಗಳು ತಯಾರಾದರೆ ಮಾತ್ರ ಸಲೂನ್ ಕಾರುಗಳ ಸ್ಪರ್ಧೆಗೆ ಇಳಿಯುವ ಅರ್ಹತೆ ಸಿಗುತ್ತಿತ್ತು. ಫೋರ್ಡ್ ಎಂಜಿನ್ ಬ್ಲಾಕಿನ ಮೇಲೆ ಹ್ಯಾರಿ ಮಂಡಿ ವಿನ್ಯಾಸ ಮಾಡಿದ ಎರಡು ಕ್ಯಾಮ್‌ಶಾಫ್ಟ್‌ಗಳ ಹೆಡ್, 1558 ಸಿಸಿ. ಲಂಡನ್ನಿನ ಉತ್ತರಕ್ಕಿರುವ ಚೆಸ್‌ಹಂಟ್‌ನ ಲೋಟಸ್ ಕಾರ್ಖಾನೆಯಲ್ಲಿ ಜೋಡಣೆ. 1964ರಲ್ಲಿ ಜಿಮ್ ಕ್ಲಾರ್ಕ್ ಈ ಕಾರಿನಲ್ಲೇ ಬ್ರಿಟಿಷ್ ಸಲೂನ್ ಕಾರ್ ಚಾಂಪಿಯನ್‌ಶಿಪ್ ಗೆದ್ದರು. ತಿರುವಿನಲ್ಲಿ ಒಳಬದಿಯ ಮುಂದಿನ ಚಕ್ರ ನೆಲ ಬಿಟ್ಟು ಮೇಲೆದ್ದಿರುವ ಅವರ ಕಾರಿನ ಫೋಟೊಗಳು ಇಂದಿಗೂ ಪ್ರಸಿದ್ಧ.

ಮೊದಲ ಕಾರುಗಳಿಗೆ ಬಂದದ್ದು ಲೋಟಸ್ ಎಲಾನ್ ಎಂಬ ಪುಟ್ಟ ಸ್ಪೋರ್ಟ್ಸ್ ಕಾರಿನ ಗೇರ್‌ಬಾಕ್ಸ್. ಸಾಧಾರಣ ಕಾರ್ಟಿನಾದಲ್ಲಿ ನಾಲ್ಕು ಗೇರುಗಳ ಅನುಪಾತ 3.54, 2.40, 1.41, 1.00. ಮೊದಲ ಗೇರಿನಲ್ಲಿ ಎಂಜಿನ್ 3.54 ಸುತ್ತು ತಿರುಗಿದರೆ ಗೇರ್‌ಬಾಕ್ಸ್‌ನಿಂದ ಹೊರಬರುವ ಶಾಫ್ಟ್ ಒಂದು ಸುತ್ತು ತಿರುಗುತ್ತದೆ ಎಂದು ಇದರ ಅರ್ಥ. ಎಲಾನ್ ಪೆಟ್ಟಿಗೆಯಲ್ಲಿ ಅದೇ ನಾಲ್ಕು ಅನುಪಾತಗಳು 2.50, 1.64, 1.23, 1.00.

ಎಂಜಿನ್ನನ್ನು 6500ರವರೆಗೆ ಏರಿಸಿ ಗೇರು ಬದಲಿಸಿದೆವು ಎಂದುಕೊಳ್ಳೋಣ. ಕಾರಿನ ವೇಗ ಆ ಕ್ಷಣಕ್ಕೆ ಬದಲಾಗುವುದಿಲ್ಲ, ಆದ್ದರಿಂದ ಎಂಜಿನ್ನಿನ ಸುತ್ತು ಎರಡು ಅನುಪಾತಗಳ ಭಾಗಲಬ್ಧದಷ್ಟು ಇಳಿಯಲೇಬೇಕು. ಸಾಧಾರಣ ಪೆಟ್ಟಿಗೆಯಲ್ಲಿ ಒಂದರಿಂದ ಎರಡಕ್ಕೆ ಹೋದರೆ ಸುಮಾರು 4400ಕ್ಕೆ ಬರುತ್ತದೆ, ಪರವಾಗಿಲ್ಲ. ಮೂರರಿಂದ ನಾಲ್ಕಕ್ಕೆ ಹೋದರೆ 4600, ಅದೂ ಸರಿ. ತೊಂದರೆ ಇರುವುದು ನಡುವೆ. ಎರಡರಿಂದ ಮೂರಕ್ಕೆ ಹೋದಾಗ ಎಂಜಿನ್ 3800ಕ್ಕೆ ಬಿದ್ದುಬಿಡುತ್ತದೆ, ಅಂದರೆ ಟಾರ್ಕ್ ಗರಿಷ್ಠವಾಗುವ ಗೆರೆಯ ಕೆಳಕ್ಕೆ. ಮೆಟ್ಟಿಲ ಸಾಲಿನಲ್ಲಿ ಒಂದೇ ಒಂದು ಮೆಟ್ಟಿಲು ಎತ್ತರವಾಗಿದ್ದರೆ ಹತ್ತುವವರು ಅಲ್ಲೇ ಎಡವುತ್ತಾರಲ್ಲ, ಹಾಗೆ. ಎಲಾನ್ ಪೆಟ್ಟಿಗೆಯಲ್ಲಿ ಅದೇ ಬದಲಾವಣೆಗೆ ಎಂಜಿನ್ ಇಳಿಯುವುದು ಸುಮಾರು 4900ಕ್ಕೆ ಮಾತ್ರ. ನಾಲ್ಕನೆಯದಕ್ಕೆ ಹಾಕಿದರೆ 5300ರ ಆಸುಪಾಸು. ಓಟದ ಅಂಕಣದಲ್ಲಿ ಈ ಎಂಜಿನ್ ಒಮ್ಮೆಯೂ ಸೊರಗುವುದಿಲ್ಲ.

ಇದನ್ನೇ ರಸ್ತೆಯ ವೇಗಕ್ಕೆ ಪರಿವರ್ತಿಸಿದರೆ ಚಿತ್ರ ಇನ್ನೂ ಸ್ಪಷ್ಟವಾಗುತ್ತದೆ. ಹಿಂದಿನ ಆ್ಯಕ್ಸಲ್‌ನ ಅನುಪಾತ 3.90, ಚಕ್ರದ ಸುತ್ತಳತೆ ಸುಮಾರು 1.83 ಮೀಟರ್ ಎಂದಿಟ್ಟುಕೊಳ್ಳಿ. ಸಾಧಾರಣ ಪೆಟ್ಟಿಗೆಯ ಎರಡನೆಯ ಗೇರು ಗಂಟೆಗೆ 76 ಕಿಲೋಮೀಟರ್‌ಗೆ ಮುಗಿದುಹೋಗುತ್ತದೆ. ಲಾರಿಯೊಂದನ್ನು ಹಿಂದಿಕ್ಕಲು ಎಲ್ಲಕ್ಕಿಂತ ಹೆಚ್ಚು ಬಲ ಬೇಕಾಗುವುದು 80ರಿಂದ 100ರ ನಡುವೆ, ಅಲ್ಲಿ ಮೂರನೆಯ ಗೇರಿನ ಎಂಜಿನ್ ಶಕ್ತಿ ಗರಿಷ್ಠವಾಗುವ 5500 ಸುತ್ತನ್ನು ಇನ್ನೂ ಮುಟ್ಟಿರುವುದಿಲ್ಲ. ಎಲಾನ್ ಪೆಟ್ಟಿಗೆಯ ಎರಡನೆಯ ಗೇರು 112ರವರೆಗೂ ಎಳೆಯುತ್ತದೆ.

ಇಷ್ಟು ಓದಿದವರಿಗೆ ಎಲಾನ್ ಪೆಟ್ಟಿಗೆಯೇ ಬೇಕು ಅನ್ನಿಸುವುದು ಸಹಜ. ಆದರೆ ಲೋಟಸ್ 1964ರ ನಡುವಿನಲ್ಲೇ ಅದನ್ನು ಕೈಬಿಟ್ಟು, ಎರಡನೆಯ ಗೇರನ್ನು ತಿದ್ದಿದ ಕಾರ್ಟಿನಾ ಜಿಟಿ ಪೆಟ್ಟಿಗೆ ಹಾಕತೊಡಗಿತು. ಕಾರಣ ಮೊದಲ ಗೇರು.

ನಿಂತ ಕಾರನ್ನು ಹೊರಡಿಸುವಾಗ ಎಂಜಿನ್ ತಿರುಗುತ್ತಿರುತ್ತದೆ, ಚಕ್ರ ನಿಂತಿರುತ್ತದೆ. ಎರಡರ ವೇಗವೂ ಒಂದಾಗುವವರೆಗೆ ಕ್ಲಚ್ ಜಾರುತ್ತಲೇ ಇರಬೇಕು. ಆ ಜಾರುವಿಕೆಯಲ್ಲಿ ಹುಟ್ಟುವ ಶಾಖಕ್ಕೆ ಭೌತವಿಜ್ಞಾನದಲ್ಲಿ ಒಂದು ಸರಳವಾದ, ಸುಂದರವಾದ ನಿಯಮವಿದೆ. ಸಮತಟ್ಟಾದ ರಸ್ತೆಯಲ್ಲಿ ಎಂಜಿನ್ನಿನ ವೇಗವನ್ನು ಒಂದೇ ಸಮನೆ ಇಟ್ಟರೆ, ಕ್ಲಚ್ ಪೂರ್ತಿ ಹಿಡಿದುಕೊಳ್ಳುವ ಕ್ಷಣದಲ್ಲಿ ಕಾರಿಗೆ ಎಷ್ಟು ಚಲನಶಕ್ತಿ ಬಂದಿರುತ್ತದೋ, ಸರಿಯಾಗಿ ಅಷ್ಟೇ ಶಕ್ತಿ ಕ್ಲಚ್ಚಿನಲ್ಲಿ ಶಾಖವಾಗಿ ಹೋಗಿರುತ್ತದೆ. ಎಂಜಿನ್ 1500 ಸುತ್ತಿನಲ್ಲಿದ್ದರೆ ಸಾಧಾರಣ ಮೊದಲ ಗೇರಿನಲ್ಲಿ ಆ ಕ್ಷಣ ಬರುವುದು ಗಂಟೆಗೆ 12 ಕಿಲೋಮೀಟರ್‌ನಲ್ಲಿ. 2.50ರ ಗೇರಿನಲ್ಲಿ 17 ಕಿಲೋಮೀಟರ್‌ನಲ್ಲಿ. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಪ್ರತಿ ಸಲ ಹೊರಡುವಾಗಲೂ ಕ್ಲಚ್ಚಿಗೆ ಎರಡು ಪಟ್ಟು ಶಾಖ. ಏರುರಸ್ತೆಯಲ್ಲಿ ಇನ್ನೂ ಹೆಚ್ಚು. ಎಲಾನ್ 700 ಕಿಲೋಗ್ರಾಮಿಗಿಂತ ಹಗುರವಾದ ಕಾರು, ಅದು ಈ ಹೊರೆಯನ್ನು ತಾಳಿಕೊಂಡಿತು. ಲೋಟಸ್ ಕಾರ್ಟಿನಾ ಸುಮಾರು 840 ಕಿಲೋ ತೂಗುತ್ತದೆ. ಮೇಲೆ ನಾಲ್ಕು ಜನ, ಅವರ ಸಾಮಾನು. ಓಟದಲ್ಲಿ ಕಾರು ಹೊರಡುವುದು ಒಂದೇ ಸಲ. ಪೇಟೆಯಲ್ಲಿ ಪ್ರತಿ ಸಿಗ್ನಲ್‌ನಲ್ಲೂ ಹೊರಡಬೇಕು.

ಎರಡೂ ಕಡೆಯ ಕಷ್ಟವನ್ನು ನಿವಾರಿಸಿದ ಪೆಟ್ಟಿಗೆ ಆಮೇಲೆ ಬಂತು. ಫೋರ್ಡ್ ಕಾರ್ಸೇರ್ 2000ಇ ಎಂಬ ಕಾರಿನ ಹೆಸರೇ ಅದಕ್ಕೆ ಅಂಟಿಕೊಂಡಿದೆ. ಆ ಕಾರೋ, ವಿನೈಲ್ ಹೊದಿಸಿದ ಮಾಡು, ಮರದ ಡ್ಯಾಶ್‌ಬೋರ್ಡ್ ಇದ್ದ ಗಂಭೀರವಾದ ಸಲೂನ್. ಓಟಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಆದರೆ ಪೆಟ್ಟಿಗೆಯ ಅನುಪಾತಗಳನ್ನು ನೋಡಿ: 2.97, 2.01, 1.40, 1.00. 6500ರಲ್ಲಿ ಬದಲಿಸಿದರೆ ಎಂಜಿನ್ ಕ್ರಮವಾಗಿ 4400, 4530, 4640ಕ್ಕೆ ಇಳಿಯುತ್ತದೆ. ಎಲ್ಲೂ ಹಳ್ಳವಿಲ್ಲ. ಅಲ್ಲದೆ ಮೇಲಿನ ಗೇರಿಗೆ ಹೋದಂತೆಲ್ಲ ಇಳಿತ ಸ್ವಲ್ಪ ಸ್ವಲ್ಪವೇ ಕಡಿಮೆಯಾಗುತ್ತದೆ. ವೇಗ ಹೆಚ್ಚಿದಂತೆ ಗಾಳಿಯ ತಡೆ ಬಲವಾಗುತ್ತದೆ, ಎಂಜಿನ್ನಿಗೆ ಬಿಡುವು ಕೊಡುವಂತಿಲ್ಲ. ಅದಕ್ಕೆ ಹೇಳಿ ಮಾಡಿಸಿದಂತಿದೆ ಈ ಹೊಂದಾಣಿಕೆ. ಮೊದಲ ಗೇರು 62 ಕಿಲೋಮೀಟರ್‌ವರೆಗೆ, ಎರಡನೆಯದು 91ರವರೆಗೆ. ಕ್ಲಚ್ಚಿನ ಶಾಖ ಸಾಧಾರಣ ಪೆಟ್ಟಿಗೆಗಿಂತ ಶೇಕಡ 40ರಷ್ಟು ಮಾತ್ರ ಹೆಚ್ಚು. ಲೋಟಸ್ ಕಾರ್ಟಿನಾಗೂ 1965ರ ಕೊನೆಯಿಂದ ಇವೇ ಅನುಪಾತಗಳು ಬಂದವು. ಮುಂದೆ ಎಸ್ಕಾರ್ಟ್ ಟ್ವಿನ್ ಕ್ಯಾಮ್, ಎಸ್ಕಾರ್ಟ್ ಮೆಕ್ಸಿಕೊ ಕಾರುಗಳೂ ಇದನ್ನೇ ಪಡೆದವು. ರಸ್ತೆಯಲ್ಲಿ ಓಡಿಸುವ ಕಾರಿಗೆ ಇದಕ್ಕಿಂತ ಒಳ್ಳೆಯ ನಾಲ್ಕು ಸಂಖ್ಯೆಗಳನ್ನು ಆರಿಸುವುದು ಕಷ್ಟ ಎಂದು ನಾನು ನಂಬಿದ್ದೇನೆ.

ಈಗ ಹುಡುಕಾಟ. ಹಳೆಯ ಬಿಡಿಭಾಗ ಮಾರುವವರ ಕೊಟ್ಟಿಗೆಯಲ್ಲಿ ಇಂಥ ಪೆಟ್ಟಿಗೆಗಳು ಸಾಲಾಗಿ ಕೂತಿರುತ್ತವೆ. ಹೊರಗಿನಿಂದ ಎಲ್ಲವೂ ಒಂದೇ: ಎರಕದ ಕಬ್ಬಿಣದ ಕವಚ, ಅದೇ ಬೋಲ್ಟುಗಳು, ಅದೇ ಎಣ್ಣೆ ಜಿಡ್ಡು. 60 ವರ್ಷಗಳಲ್ಲಿ ಎಷ್ಟು ಕೈ ಬದಲಾಗಿವೆಯೋ, ಯಾವ ಕವಚದೊಳಗೆ ಯಾರು ಯಾವ ಗೇರುಗಳನ್ನು ಸೇರಿಸಿದ್ದಾರೋ. ಆದ್ದರಿಂದ ಕವಚದ ಮೇಲಿನ ಸಂಖ್ಯೆಯನ್ನೂ ಮಾರುವವರ ಮಾತನ್ನೂ ಬದಿಗಿಟ್ಟು ಸುತ್ತು ಎಣಿಸುವುದೇ ಸರಿಯಾದ ದಾರಿ. ಮುಂದಿನ ಶಾಫ್ಟ್‌ಗೆ ಹಳೆಯ ಕ್ಲಚ್ ಪ್ಲೇಟೊಂದನ್ನು ತೊಡಿಸಿದರೆ ಹಿಡಿದು ತಿರುಗಿಸಲು ಹಿಡಿಕೆ ಸಿಕ್ಕಂತಾಯಿತು. ಹಿಂದಿನ ಶಾಫ್ಟ್‌ನ ಮೇಲೆ ಸೀಮೆಸುಣ್ಣದ ಗುರುತು ಹಾಕಿ. ಮೊದಲ ಗೇರಿಗೆ ಹಾಕಿ, ಹಿಂದಿನ ಶಾಫ್ಟ್ 10 ಸುತ್ತು ಮುಗಿಸುವವರೆಗೆ ಮುಂದಿನದನ್ನು ತಿರುಗಿಸಿ ಎಣಿಸಿ. 35 ಸುತ್ತಿನ ಮೇಲೆ ಸ್ವಲ್ಪ ಬಂದರೆ ಸಾಧಾರಣ ಪೆಟ್ಟಿಗೆ. 30ಕ್ಕೆ ಸ್ವಲ್ಪ ಕಡಿಮೆ ಬಂದರೆ 2000ಇ. 25 ಬಂದರೆ ಎಲಾನಿನದು. ಎರಡನೆಯ ಗೇರಿನಲ್ಲೂ ಎಣಿಸಬೇಕು: 24, 20, ಇಲ್ಲವೆ 16ರ ಮೇಲೆ ಅರ್ಧ.

ಮೂರನೆಯ ಗೇರಿನಲ್ಲಿ ಮಾತ್ರ ಎಣಿಸಿ ನಿರ್ಧರಿಸಬೇಡಿ. 1.41ಕ್ಕೂ 1.40ಕ್ಕೂ ನಡುವಿನ ವ್ಯತ್ಯಾಸ 10 ಸುತ್ತಿನಲ್ಲಿ ಕಣ್ಣಿಗೆ ಬೀಳುವುದಿಲ್ಲ, ಸಾಧಾರಣ ಪೆಟ್ಟಿಗೆಯೂ 14 ಸುತ್ತು ತೋರಿಸಿ 2000ಇ ಎನಿಸಿಕೊಳ್ಳುತ್ತದೆ. ಎಣಿಸುತ್ತಿರುವಾಗಲೇ ಕೈಗೆ ಇನ್ನೊಂದು ಸುದ್ದಿಯೂ ತಿಳಿಯುತ್ತದೆ. ಪ್ರತಿ ಸುತ್ತಿನಲ್ಲಿ ಒಂದೇ ಜಾಗದಲ್ಲಿ ಕಟಕ್ ಎಂದು ತಡೆದರೆ ಹಲ್ಲು ಮುರಿದಿದೆ. ಉದ್ದಕ್ಕೂ ಮರಳಿನಂತೆ ತರತರ ಎಂದರೆ ಬೇರಿಂಗ್ ಹೋಗಿದೆ.

ಅನುಪಾತ ಸರಿ ಇರುವ ಆದರೆ ಒಳಗೆ ಸವೆದ ಪೆಟ್ಟಿಗೆ ಸಿಕ್ಕಿತು ಎನ್ನೋಣ. ಬಿಚ್ಚುವ ಮೊದಲು ಅದರ ಒಳರಚನೆ ತಿಳಿದಿರಬೇಕು. ಎಂಜಿನ್ ಕಡೆಯಿಂದ ಬರುವ ಇನ್‌ಪುಟ್ ಶಾಫ್ಟ್‌ನ ತುದಿಯಲ್ಲಿ ಒಂದು ಗೇರು. ಅದು ಕೆಳಗಿರುವ ಲೇಶಾಫ್ಟ್‌ನ ದೊಡ್ಡ ಗೇರಿಗೆ ಸದಾ ಕಚ್ಚಿಕೊಂಡಿರುತ್ತದೆ. ಲೇಶಾಫ್ಟ್‌ನ ಮೇಲಿನ ಗೇರುಗಳೆಲ್ಲ ಒಂದೇ ಉಕ್ಕಿನ ತುಂಡಿನಲ್ಲಿ ಕಡೆದವು. ಅವು ಮೇಲಿನ ಮೇನ್‌ಶಾಫ್ಟ್‌ನ ಗೇರುಗಳನ್ನು ತಿರುಗಿಸುತ್ತವೆ, ಆದರೆ ಆ ಗೇರುಗಳು ಮೇನ್‌ಶಾಫ್ಟ್ ಮೇಲೆ ಸಡಿಲವಾಗಿ ತಿರುಗುತ್ತಿರುತ್ತವೆ. ನಾವು ಗೇರು ಹಾಕಿದಾಗ ಅವುಗಳಲ್ಲಿ ಒಂದು ಮಾತ್ರ ಶಾಫ್ಟ್‌ಗೆ ಬಂಧಿಯಾಗುತ್ತದೆ. ನಾಲ್ಕನೆಯದರಲ್ಲಿ ಇನ್‌ಪುಟ್ ಶಾಫ್ಟ್ ನೇರವಾಗಿ ಮೇನ್‌ಶಾಫ್ಟ್‌ಗೆ ಬಂಧಿಯಾಗುತ್ತದೆ, ಅದಕ್ಕೇ 1.00. ಉಳಿದ ಮೂರರಲ್ಲೂ ಬಲ ಎರಡು ಜೋಡಿ ಗೇರುಗಳನ್ನು ಹಾದುಬರುತ್ತದೆ, ಮೊದಲ ಜೋಡಿ ಮೂರಕ್ಕೂ ಸಾಮಾನ್ಯ. ಹೀಗಾಗಿ ಅನುಪಾತ ಬದಲಿಸಬೇಕೆಂದರೆ ಇನ್‌ಪುಟ್ ಶಾಫ್ಟ್, ಲೇಶಾಫ್ಟ್, ಮೇನ್‌ಶಾಫ್ಟ್ ಗೇರುಗಳು ಒಂದೇ ಸೆಟ್ಟಾಗಿ ಬರಬೇಕು. ಎರಡು ಶಾಫ್ಟ್‌ಗಳ ನಡುವಿನ ದೂರ ಕವಚದಲ್ಲೇ ನಿಗದಿಯಾಗಿರುವುದರಿಂದ ಬೇರೆ ಬೇರೆ ಸೆಟ್‌ಗಳ ಗೇರುಗಳು ಒಳಗೆ ಕೂತಂತೆ ಕಂಡರೂ ಹಲ್ಲು ಹಲ್ಲಿಗೆ ಸರಿಯಾಗಿ ಕೂಡುವುದಿಲ್ಲ.

ಬಿಚ್ಚುವಾಗ ಮೊದಲ ಸಾಕ್ಷಿ ಹಳೆಯ ಎಣ್ಣೆ. ಬಿಳಿಯ ಬಟ್ಟೆಯ ಮೇಲೆ ಸುರಿದು ನೋಡಿದರೆ ಹೊಳೆಯುವ ಪುಡಿ ಕಾಣುತ್ತದೆ. ಅಯಸ್ಕಾಂತಕ್ಕೆ ಅಂಟದ ಹಳದಿ ಪುಡಿ, ಗೇರು ಸೇರುವ ಮೊದಲು ವೇಗಗಳನ್ನು ಸಮಗೊಳಿಸುವ ಸಿಂಕ್ರೋ ರಿಂಗ್‌ಗಳದು. ಅಂಟಿಕೊಳ್ಳುವ ಚೂಪಾದ ಚಕ್ಕೆಗಳು ಗೇರು ಅಥವಾ ಬೇರಿಂಗಿನವು. ಗೇರಿನ ಹಲ್ಲುಗಳ ಹೊರಪದರವನ್ನಷ್ಟೇ ಇಂಗಾಲ ಊಡಿಸಿ ಗಡಸು ಮಾಡಿರುತ್ತಾರೆ, ಒಳಗಿನ ಉಕ್ಕು ಮೆದು. ಹೊರಪದರ ಚಕ್ಕೆಯೆದ್ದು ಹೋಗಿದ್ದರೆ ಆ ಗೇರನ್ನು ಉಜ್ಜಿ ನುಣುಪು ಮಾಡಿ ಪ್ರಯೋಜನವಿಲ್ಲ, ಬದಲಿಸಬೇಕು.

ಈ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಸವೆಯುವ ಜಾಗ ಲೇಶಾಫ್ಟ್‌ನ ತುದಿಗಳು. ಗೇರುಗಳ ಗುಚ್ಛ ಒಂದು ಸ್ಥಿರವಾದ ಉಕ್ಕಿನ ಸರಳಿನ ಮೇಲೆ, ಸೂಜಿಯಂಥ ಬಿಡಿ ರೋಲರ್‌ಗಳ ಮೇಲೆ ತಿರುಗುತ್ತದೆ. ಹಲ್ಲುಗಳು ಒಂದನ್ನೊಂದು ದೂಡುವ ಬಲವೆಲ್ಲ ಸರಳಿನ ಒಂದೇ ಪಕ್ಕದ ಮೇಲೆ ಬೀಳುವುದರಿಂದ ಆ ಪಕ್ಕದಲ್ಲಿ ಮಾತ್ರ ಗುಳಿಗಳು ಏಳುತ್ತವೆ. ಬೆರಳಿನ ಉಗುರು ಎಳೆದರೆ ಸಿಕ್ಕಿಕೊಳ್ಳುವಷ್ಟು ಗುಳಿ ಇದ್ದರೆ ಸರಳನ್ನೂ ರೋಲರ್‌ಗಳನ್ನೂ ಒಟ್ಟಿಗೇ ಹೊಸದು ಹಾಕಬೇಕು. ಸವೆದ ಸರಳಿನ ಮೇಲೆ ಹೊಸ ರೋಲರ್ ಹಾಕಿದರೆ ಅವೂ ಬೇಗನೆ ಹಾಳಾಗುತ್ತವೆ.

ಇನ್ನು ಸಿಂಕ್ರೋ. ಫೋರ್ಡಿನ ಈ ಪೆಟ್ಟಿಗೆಯ ಹೆಮ್ಮೆಯೇ ಮುಂದಕ್ಕೆ ಹೋಗುವ ನಾಲ್ಕೂ ಗೇರುಗಳಿಗೆ ಸಿಂಕ್ರೋ ಇದ್ದದ್ದು. ಆ ಕಾಲದ ಅನೇಕ ಕಾರುಗಳಲ್ಲಿ ಮೊದಲ ಗೇರಿಗೆ ಅದು ಇರುತ್ತಿರಲಿಲ್ಲ. ಪ್ರತಿ ಗೇರಿನ ಮುಂದೆಯೂ ಶಂಕುವಿನಾಕಾರದ ಒಂದು ಉಬ್ಬು, ಅದರ ಮೇಲೆ ಕೂರುವ ಹಿತ್ತಾಳೆ ಬಣ್ಣದ ರಿಂಗ್. ರಿಂಗಿನ ಒಳಮೈಯಲ್ಲಿ ಸ್ಕ್ರೂನಂಥ ಸೂಕ್ಷ್ಮ ಗೀರುಗಳು, ಹೊರ ಅಂಚಿನಲ್ಲಿ ಚೂಪಾದ ಪುಟ್ಟ ಹಲ್ಲುಗಳು. ಗೇರು ಹಾಕಲು ಒತ್ತಿದಾಗ ರಿಂಗ್ ಶಂಕುವನ್ನು ಅಪ್ಪಿಕೊಳ್ಳುತ್ತದೆ. ಗೀರುಗಳು ಎಣ್ಣೆಯ ಪದರವನ್ನು ಕತ್ತರಿಸಿ ಲೋಹಕ್ಕೆ ಲೋಹ ತಾಗುವಂತೆ ಮಾಡುತ್ತವೆ. ಎರಡರ ವೇಗದಲ್ಲಿ ವ್ಯತ್ಯಾಸ ಇರುವಷ್ಟು ಹೊತ್ತು ಘರ್ಷಣೆ ರಿಂಗನ್ನು ಒಂದು ಪಕ್ಕಕ್ಕೆ ತಿರುಚಿ ಹಿಡಿದಿರುತ್ತದೆ, ಅದರ ಹಲ್ಲುಗಳು, ಗೇರನ್ನು ಶಾಫ್ಟ್‌ಗೆ ಬಂಧಿಸಲು ಸರಿದುಬರುವ ಸ್ಲೀವ್ ಎಂಬ ಬಳೆಗೆ ಅಡ್ಡ ನಿಲ್ಲುತ್ತವೆ. ವೇಗ ಒಂದಾದ ಕ್ಷಣ ಘರ್ಷಣೆಯ ಹಿಡಿತ ಇಲ್ಲವಾಗುತ್ತದೆ, ಸ್ಲೀವ್ ರಿಂಗನ್ನು ಸರಿಸಿಕೊಂಡು ಒಳಕ್ಕೆ ಜಾರುತ್ತದೆ. ವೇಗ ಸಮವಾಗುವವರೆಗೆ ಬಾಗಿಲು ತೆರೆಯದಂತೆ ಕಾಯುವ ಈ ವ್ಯವಸ್ಥೆಯಲ್ಲಿ ಸೆನ್ಸರ್ ಇಲ್ಲ, ವಿದ್ಯುತ್ತಿಲ್ಲ. ಹಲ್ಲಿನ ಇಳಿಜಾರಿನ ಕೋನ, ಶಂಕುವಿನ ಕೋನ, ಘರ್ಷಣೆ ಈ ಮೂರರಿಂದಲೇ ಇಷ್ಟೂ ನಡೆಯುತ್ತದೆ. ನನ್ನ ಮಟ್ಟಿಗೆ ಕಾರಿನೊಳಗಿನ ಅತ್ಯಂತ ಜಾಣ ಭಾಗ ಇದು.

ಗೀರುಗಳು ಸವೆದು ನುಣುಪಾದರೆ ಎಣ್ಣೆಯ ಪದರ ಉಳಿದುಬಿಡುತ್ತದೆ, ರಿಂಗ್ ಹೊತ್ತಿಗೆ ಮೊದಲೇ ಜಾಗ ಬಿಡುತ್ತದೆ, ಗೇರು ಕರಕರ ಎನ್ನುತ್ತದೆ. ರಿಂಗನ್ನು ಶಂಕುವಿನ ಮೇಲೆ ಕೈಯಲ್ಲಿ ಒತ್ತಿ ತಿರುಚಿ ನೋಡಿದರೆ ಗಟ್ಟಿಯಾಗಿ ಕಚ್ಚಿಕೊಳ್ಳಬೇಕು. ರಿಂಗಿಗೂ ಗೇರಿನ ಮುಖಕ್ಕೂ ನಡುವೆ ಸಂದು ಉಳಿದಿರಬೇಕು. ಪೂರ್ತಿ ಕೂತುಬಿಟ್ಟರೆ ರಿಂಗಿನ ಆಯುಸ್ಸು ಮುಗಿದಿದೆ. ಕ್ಲೋಸ್ ರೇಷಿಯೋದ ಇನ್ನೊಂದು ಲಾಭ ಇಲ್ಲಿ ಸಿಗುತ್ತದೆ. ರಿಂಗ್ ಪ್ರತಿ ಸಲವೂ ಕ್ಲಚ್ ಪ್ಲೇಟು, ಇನ್‌ಪುಟ್ ಶಾಫ್ಟ್, ಲೇಶಾಫ್ಟ್ ಇಷ್ಟನ್ನೂ ಹೊಸ ವೇಗಕ್ಕೆ ತರಬೇಕು, ಅದಕ್ಕೆ ತಗಲುವ ಶಕ್ತಿಯೂ ವೇಗದ ವ್ಯತ್ಯಾಸದ ವರ್ಗಕ್ಕೆ ಅನುಗುಣ. 6500ರಲ್ಲಿ ಎರಡರಿಂದ ಮೂರಕ್ಕೆ ಹೋಗುವಾಗ ಸಾಧಾರಣ ಪೆಟ್ಟಿಗೆಯಲ್ಲಿ ಸುಮಾರು 2700 ಸುತ್ತಿನ ವ್ಯತ್ಯಾಸ, 2000ಇಯಲ್ಲಿ ಸುಮಾರು 2000. ರಿಂಗಿನ ಮೇಲಿನ ಹೊರೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು.

ಹಿಂದಕ್ಕೆ ಹೋಗುವ ಗೇರಿಗೆ ಸಿಂಕ್ರೋ ಇಲ್ಲ. ಅದರ ಹಲ್ಲುಗಳು ಒಂದು ಮತ್ತು ಎರಡನೆಯ ಗೇರಿನ ಸ್ಲೀವ್‌ನ ಹೊರಮೈಯಲ್ಲೇ ಇವೆ. ಕಾರು ಇನ್ನೂ ಚಲಿಸುತ್ತಿರುವಾಗಲೇ ರಿವರ್ಸ್ ಹಾಕಿದವರ ಆತುರವೆಲ್ಲ ಆ ಹಲ್ಲುಗಳ ತುದಿಯಲ್ಲಿ ದಾಖಲಾಗಿರುತ್ತದೆ.

ಮರುಜೋಡಣೆಯಲ್ಲಿ ಕೈಯ ಕುಶಲತೆ ಬೇಕಾಗುವುದು ಲೇಶಾಫ್ಟ್ ಕೂರಿಸುವಾಗ. ಬಿಡಿ ರೋಲರ್‌ಗಳನ್ನು ಗಟ್ಟಿ ಗ್ರೀಸಿನಿಂದ ಗುಚ್ಛದೊಳಗೆ ಅಂಟಿಸಬೇಕು, ಆದರೆ ನಿಜವಾದ ಸರಳು ಕವಚದ ಹೊರಗಿನಿಂದ ಬರಬೇಕಾದದ್ದು. ಅಷ್ಟರಲ್ಲಿ ರೋಲರ್‌ಗಳು ಉದುರಿಹೋಗುತ್ತವೆ. ಇದಕ್ಕಾಗಿ ಸರಳಿನಷ್ಟೇ ದಪ್ಪದ, ಆದರೆ ಗುಚ್ಛದಷ್ಟೇ ಉದ್ದದ ಒಂದು ಡಮ್ಮಿ ಸರಳನ್ನು ಒಳಗಿಡುತ್ತಾರೆ. ಗುಚ್ಛವನ್ನು ಕವಚದ ತಳದಲ್ಲಿ ಮಲಗಿಸಿ, ಅದರ ಮೇಲೆ ಮೇನ್‌ಶಾಫ್ಟನ್ನೂ ಇನ್‌ಪುಟ್ ಶಾಫ್ಟನ್ನೂ ಕೂರಿಸುತ್ತಾರೆ. ಆಮೇಲೆ ಗುಚ್ಛವನ್ನು ದಾರದಿಂದ ಮೆಲ್ಲನೆ ಎತ್ತಿ ರಂಧ್ರದ ನೇರಕ್ಕೆ ತಂದು ನಿಜವಾದ ಸರಳನ್ನು ನೂಕುತ್ತಾರೆ. ಅದು ಒಳಬಂದಂತೆ ಡಮ್ಮಿ ಇನ್ನೊಂದು ಬದಿಯಿಂದ ಹೊರಬೀಳುತ್ತದೆ. ಗುಚ್ಛದ ಎರಡು ತುದಿಯ ಥ್ರಸ್ಟ್ ವಾಷರ್‌ಗಳು ಈ ಹೊತ್ತಿನಲ್ಲಿ ಜಾರದಂತೆ ನೋಡಿಕೊಳ್ಳಬೇಕು. ಓರೆ ಹಲ್ಲಿನ ಗೇರುಗಳು ಸದ್ದಿಲ್ಲದೆ ತಿರುಗುತ್ತವೆ, ಆದರೆ ಓರೆಯ ಕಾರಣಕ್ಕೇ ಶಾಫ್ಟನ್ನು ಉದ್ದಕ್ಕೂ ನೂಕುತ್ತವೆ. ಆ ನೂಕನ್ನು ತಡೆಯುವುದು ಈ ವಾಷರ್‌ಗಳು. ಓಟದ ಕಾರುಗಳಿಗೆ ನೇರ ಹಲ್ಲಿನ ಗೇರುಗಳೂ ಸಿಗುತ್ತವೆ. ಅವುಗಳಲ್ಲಿ ಈ ನೂಕಿಲ್ಲ, ಬದಲಿಗೆ ಇಡೀ ದಿನ ಕಿವಿ ತುಂಬುವ ಕೂಗು.

ಕೊನೆಗೆ, ಗೇರು ಹಾಕುವಾಗ ಸ್ಲೀವ್‌ಗಳನ್ನು ಸರಿಸುವ ಸೆಲೆಕ್ಟರ್ ಸರಳುಗಳು. ಅವುಗಳ ನಡುವೆ ಪುಟ್ಟ ಉಕ್ಕಿನ ಪ್ಲಂಜರ್‌ಗಳಿವೆ. ಒಂದು ಸರಳು ಸರಿದರೆ ಉಳಿದವು ಅಲುಗದಂತೆ ತಡೆಯುವುದು ಅವುಗಳ ಕೆಲಸ. ಬೆಂಚಿನ ಮೇಲೆ ಬಿದ್ದು ಉರುಳಿಹೋದರೆ ಗಮನಕ್ಕೂ ಬಾರದಷ್ಟು ಚಿಕ್ಕವು. ಅವಿಲ್ಲದೆ ಮುಚ್ಚಿದರೆ ಒಮ್ಮೆಗೇ ಎರಡು ಗೇರು ಬೀಳಬಹುದು. ಎರಡು ಬೇರೆ ಅನುಪಾತಗಳಲ್ಲಿ ಒಂದೇ ಶಾಫ್ಟ್ ತಿರುಗಲಾರದು, ಪೆಟ್ಟಿಗೆ ಅಲ್ಲೇ ಬಿಗಿದುಕೊಳ್ಳುತ್ತದೆ.

ಎಣ್ಣೆಯ ಆಯ್ಕೆಯಲ್ಲೂ ಎಚ್ಚರ ಬೇಕು. ಜಿಎಲ್-5 ಎಂದು ಬರೆದ ಎಣ್ಣೆ ಹೆಚ್ಚಿನ ದರ್ಜೆಯದು ಎಂದು ಅದನ್ನೇ ತುಂಬುವವರಿದ್ದಾರೆ. ಅದು ಡಿಫರೆನ್ಷಿಯಲ್‌ನ ವಿಪರೀತ ಒತ್ತಡಕ್ಕಾಗಿ ಮಾಡಿದ್ದು. ಅದರಲ್ಲಿ ಹೆಚ್ಚಾಗಿರುವ ಗಂಧಕದ ಸಂಯುಕ್ತಗಳು ಬಿಸಿಯಲ್ಲಿ ತಾಮ್ರದ ಮಿಶ್ರಲೋಹಗಳನ್ನು ತಿನ್ನಬಲ್ಲವು, ಸಿಂಕ್ರೋಗೆ ಬೇಕಾದ ಘರ್ಷಣೆಯನ್ನೂ ಕಡಿಮೆ ಮಾಡುತ್ತವೆ. ಈ ಪೆಟ್ಟಿಗೆಗೆ 80 ದರ್ಜೆಯ ಜಿಎಲ್-4 ಸಾಕು.

ಕಾರಿಗೆ ಏರಿಸಿದ ಮೇಲೆ ಪರೀಕ್ಷೆಗೆ ಕಿವಿಯೇ ಸಾಧನ. ನ್ಯೂಟ್ರಲ್‌ನಲ್ಲಿ ಎಂಜಿನ್ ಓಡುತ್ತಿರುವಾಗ ಬರುವ ಗುಂಯ್ ಸದ್ದು ಕ್ಲಚ್ ಒತ್ತಿದೊಡನೆ ನಿಂತರೆ ಇನ್‌ಪುಟ್ ಬೇರಿಂಗ್ ಇಲ್ಲವೆ ಲೇಶಾಫ್ಟ್ ಕಡೆಗೆ ನೋಡಬೇಕು, ಏಕೆಂದರೆ ಕ್ಲಚ್ ಒತ್ತಿದಾಗ ಅವು ನಿಲ್ಲುತ್ತವೆ. ಎಳೆತದಲ್ಲಿ ಒಂದೇ ಗೇರಿನಲ್ಲಿ ಸದ್ದಿದ್ದರೆ ದೋಷ ಆ ಗೇರಿನ ಹಲ್ಲಿನದು. ವೇಗವಾಗಿ ಹೋಗುತ್ತಿರುವಾಗ ಗೇರು ತಾನಾಗಿ ಹೊರಜಿಗಿದರೆ ಸವೆದು ದುಂಡಗಾದ ಕಚ್ಚುಹಲ್ಲು, ಸೆಲೆಕ್ಟರ್ ಸರಳಿನ ಸೋತ ಸ್ಪ್ರಿಂಗ್ ಅಥವಾ ಸ್ಲೀವನ್ನು ಸರಿಸುವ ಸವೆದ ಫೋರ್ಕ್ ಕಾರಣ. ಮೊದಲ ಮೂರೂ ಗೇರುಗಳಲ್ಲಿ ಗುನುಗಿ ನಾಲ್ಕನೆಯದರಲ್ಲಿ ಮಾತ್ರ ಶಾಂತವಾದರೆ ಲೇಶಾಫ್ಟ್‌ನ ರೋಲರ್‌ಗಳೇ ಕಾರಣ. ನಾಲ್ಕನೆಯ ಗೇರಿನಲ್ಲಿ ಲೇಶಾಫ್ಟ್ ಹೊರೆಯಿಲ್ಲದೆ ಸುಮ್ಮನೆ ತಿರುಗುತ್ತದಷ್ಟೆ. ಆಗ ಪೆಟ್ಟಿಗೆಯನ್ನು ಮತ್ತೆ ಇಳಿಸಿ, ಡಮ್ಮಿ ಸರಳನ್ನು ಮತ್ತೆ ಕೈಗೆತ್ತಿಕೊಳ್ಳಬೇಕು.